ಶರ್ಟಿಗೆ ಕೆಂಪು ಪಟ್ಟಿ ಹೊಲಿದ ಮೇಲೆ

ಡೊಂಬಿವಲಿಯಲ್ಲಿ ನರ್ಸಿಂಗ್ ಓದುವ ನಮ್ಮೂರ ಕಡೆಯ ಹುಡುಗಿಯರಿಗೆ ಸಂಜೆ ಹೊತ್ತು ಅನಾಟಮಿ (ದೇಹರಚನೆ) ಹೇಳಿಕೊಡಲು ಶುರುಮಾಡಿ ಆರೇಳು ವರ್ಷವಾಯಿತು. ಆಂಟೀರಿಯರ್ ಅಂದರೆ ಮುಂದಿನದು, ಪೋಸ್ಟೀರಿಯರ್ ಅಂದರೆ ಹಿಂದಿನದು, ಇವು ಎರಡು ದಿನದಲ್ಲಿ ಬಾಯಿಗೆ ಬರುತ್ತವೆ. ಮುಗ್ಗರಿಸುವುದೆಲ್ಲ ಮೀಡಿಯಲ್ (ದೇಹದ ನಡುಗೆರೆಯ ಕಡೆಯದು), ಲ್ಯಾಟರಲ್ (ಹೊರಬದಿಯದು) ಹತ್ತಿರ. ಕೈ ಜೋತುಬಿಟ್ಟು ನಿಂತರೆ ಹೆಬ್ಬೆರಳು ಮುಂದಕ್ಕಿರುತ್ತದೆ, ‘ಆಂಟೀರಿಯರ್’ ಅಂತ ಬರೆದುಬಿಡುತ್ತಾರೆ. ಹೆಸರು ಹೇಳಲು ಅಂಗೈ ಮುಂದೆ ಮಾಡಿ ನಿಲ್ಲಬೇಕು, ಆಗ ಹೆಬ್ಬೆರಳು ಲ್ಯಾಟರಲ್ ಎಂದು ಎಷ್ಟು ಸಲ ಹೇಳಿದರೂ ಪರೀಕ್ಷೆಯಲ್ಲಿ ಅದೇ ತಪ್ಪು.

ಮೊದಲು ಆಳೆತ್ತರದ ಕನ್ನಡಿ ತಂದೆ, ಎರಡು ಸಾವಿರದ ಹತ್ತಿರ ಹೋಯಿತು. ಪೂರಾ ದಂಡ. ರೋಗಿಯ ಎಡ ಯಾವುದು, ನೋಡುವವಳ ಎಡ ಯಾವುದು ಎಂಬ ಗೊಂದಲ ಇನ್ನೂ ಹೆಚ್ಚಿತು. ಆಮೇಲೆ ಚಾರ್ಟು, ಎಂಟುನೂರೋ ಒಂಬೈನೂರೋ. ಚಾರ್ಟಿನ ಮನುಷ್ಯ ಮಗ್ಗುಲಾಗುವುದಿಲ್ಲ. ವಾರ್ಡಿನಲ್ಲಿ ರೋಗಿ ಬೋರಲು ಮಲಗಿದ ಕೂಡಲೇ ಹುಡುಗಿಯರಿಗೆ ಎಲ್ಲ ಮರೆತುಹೋಗುತ್ತಿತ್ತು.

ಕೊನೆಗೆ ಯಜಮಾನರ ಹಳೇ ತುಂಬುತೋಳಿನ ಶರ್ಟು ತೆಗೆದೆ. ಭುಜದಿಂದ ಹೆಬ್ಬೆರಳ ಬದಿಯ ಮಣಿಕಟ್ಟಿಗೆ ಲ್ಯಾಟರಲ್‌ನ ಕೆಂಪು ಪಟ್ಟಿ, ಕಂಕುಳಿಂದ ಕಿರುಬೆರಳ ಬದಿಗೆ ಮೀಡಿಯಲ್‌ನ ಹಳದಿ. ಖರ್ಚು ಅರವತ್ತು ರೂಪಾಯಿ. ‘ಇದೇನು ಮಕ್ಕಳಾಟ ಅಕ್ಕಾ’ ಎಂದರು ಜೊತೆಗೆ ಪಾಠ ಮಾಡುವವರು. ಶರ್ಟು ತೊಟ್ಟವಳು ಅಂಗೈ ಹಿಂದಕ್ಕೆ ತಿರುಗಿಸಿದಳು ನೋಡಿ, ಕೆಂಪು ಪಟ್ಟಿ ಮೊಣಕೈ ಕೆಳಗಿಂದ ಓರೆಯಾಗಿ ಸುತ್ತಿಕೊಂಡು ಹಳದಿಯ ಕಡೆ ಬಂತು. ಒಳಗೆ ಹೆಬ್ಬೆರಳ ಬದಿಯ ರೇಡಿಯಸ್ ಮೂಳೆ ಕಿರುಬೆರಳ ಬದಿಯ ಅಲ್ನಾದ ಮೇಲೆ ಅಡ್ಡ ಹಾಯುವುದೂ ಹೀಗೇ. ಪಟ್ಟಿ ಎತ್ತ ತಿರುಗಿದರೂ ಅದರ ಹೆಸರು ಲ್ಯಾಟರಲ್ಲೇ. ತೋಳು ಜಾರದಂತೆ ಒಳಗೆ ಏನು ಹೊಲಿದಿದ್ದೇನೆ ಎನ್ನುವುದನ್ನು ಮಾತ್ರ ಹೇಳುವುದಿಲ್ಲ.

ಪ್ರಾಕ್ಸಿಮಲ್, ಡಿಸ್ಟಲ್‌ಗೆ ಲೋಕಲ್ ಟ್ರೇನೇ ಸಾಕು. ತೋಳಿನ ಬುಡಕ್ಕೆ ಹತ್ತಿರದ್ದು ಪ್ರಾಕ್ಸಿಮಲ್, ದೂರದ್ದು ಡಿಸ್ಟಲ್. ಮುಂಬೈಯ ಕೊನೆ ನಿಲ್ದಾಣ ಸಿಎಸ್‌ಎಂಟಿಯನ್ನು ಭುಜ ಅಂದುಕೊಳ್ಳಿ. ಡೊಂಬಿವಲಿಗೆ ಠಾಣೆ ಪ್ರಾಕ್ಸಿಮಲ್, ಕಲ್ಯಾಣ್ ಡಿಸ್ಟಲ್. ನೀವು ಯಾವ ಕಡೆಯ ಗಾಡಿ ಹತ್ತಿದರೂ ಅದು ಬದಲಾಗದು.

ನಡುವೆ ದೇಹವನ್ನು ಸೀಳಿ ನೋಡುವ ದಿಕ್ಕುಗಳ ಹೆಸರಿಗೆ ಮೀನಿನಲ್ಲೂ ನೋಡಿದೆ, ಹುಡುಗಿಯರೆಲ್ಲ ಕರಾವಳಿಯವರು. ಬಂಗುಡೆಯ ಅಡ್ಡ ತುಂಡು ಟ್ರಾನ್ಸ್‌ವರ್ಸ್, ಬೆನ್ನಿಂದ ಹೊಟ್ಟೆಗೆ ಉದ್ದಕ್ಕೆ ಸೀಳಿದರೆ ಸ್ಯಾಜಿಟಲ್. ತಟ್ಟೆಯಲ್ಲಿ ಮಾಂಜಿಯ (ಪಾಂಫ್ರೆಟ್) ಅಡಿಗಿರುವುದು ಹೊಟ್ಟೆಯಲ್ಲ, ಪಕ್ಕೆ. ತೊರಕೆ (ಚಪ್ಪಟೆ ರೇ ಮೀನು) ಮಾತ್ರ ನಿಜಕ್ಕೂ ಹೊಟ್ಟೆಯ ಮೇಲೆ ಮಲಗುತ್ತದೆ. ಇದನ್ನು ಅವರು ಇವತ್ತಿಗೂ ಮರೆತಿಲ್ಲ.

ಕಳೆದ ಸಲದ ಹದಿನಾಲ್ಕು ಮಂದಿಯಲ್ಲಿ ಹನ್ನೆರಡು ಮಂದಿ ವೈವಾದಲ್ಲಿ (ಮೌಖಿಕ ಪರೀಕ್ಷೆ) ಒಂದೂ ತಪ್ಪು ಹೇಳಲಿಲ್ಲ. ಮಕ್ಕಳಾಟ ಎಂದವರೇ ಮೊನ್ನೆ ಶರ್ಟು ಕೇಳಿಕೊಂಡು ಬಂದರು. ಕೊಟ್ಟೆ.

ಈಗ ಪೈಜಾಮ ಹೊಲಿಯುತ್ತಿದ್ದೇನೆ. ಭ್ರೂಣದಲ್ಲಿ ಕೈ ಒಂದು ದಿಕ್ಕಿಗೆ, ಕಾಲು ಅದರ ವಿರುದ್ಧ ದಿಕ್ಕಿಗೆ ತಿರುಗುವುದರಿಂದ ಕಾಲಿನ ಹೆಬ್ಬೆರಳು ಮೀಡಿಯಲ್. ಹಾಗಾಗಿ ಇಲ್ಲಿ ಕೆಂಪು ಪಟ್ಟಿ ಇಳಿಯುವುದು ಕಿರುಬೆರಳಿಗೆ.