ಶಾಫ್ಟ್ ಬದಲಾದ ಮೇಲೆ ಸ್ವಿಂಗ್ ಹೊಂದಿಸಿಕೊಳ್ಳುವ ಬಗೆ: ನನ್ನ ಅನುಭವ

ಗಾಲ್ಫ್‌ನಲ್ಲಿ, ಹೊಸ ಶಾಫ್ಟ್ (ಕ್ಲಬ್ಬಿನ ಕೋಲು) ಹಾಕಿದ ಐರನ್‌ನಲ್ಲಿ (ಲೋಹದ ತೆಳು ತಲೆಯ ಕ್ಲಬ್) ಚೆಂಡು ಎಡಕ್ಕೋ ಬಲಕ್ಕೋ ಹೋಗತೊಡಗಿದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಹಿಡಿತವನ್ನು ತಿರುಗಿಸುವುದು. ನಾನು ಹಿಡಿತವನ್ನು ಮುಟ್ಟುವುದೇ ಇಲ್ಲ. ಶಾಫ್ಟ್ ಬದಲಾಯಿತೆಂದರೆ ಅದರ ಜೊತೆಗೆ ಒಟ್ಟು ತೂಕ, ಉದ್ದ, ಸ್ವಿಂಗ್ ವೇಟ್ (ಬೀಸುವಾಗ ತಲೆ ಎಷ್ಟು ಭಾರವೆನಿಸುತ್ತದೆ ಎಂಬುದರ ಅಳತೆ), ಲೈ ಆ್ಯಂಗಲ್ (ನೆಲಕ್ಕೂ ಶಾಫ್ಟಿಗೂ ನಡುವಿನ ಕೋನ), ಗ್ರಿಪ್‌ನ (ಕೈ ಹಿಡಿಯುವ ಹೊದಿಕೆ) ದಪ್ಪ ಎಲ್ಲವೂ ಸ್ವಲ್ಪ ಸ್ವಲ್ಪ ಬದಲಾಗಿರಬಹುದು. ಇವುಗಳಲ್ಲಿ ಬಹುಪಾಲು ಕ್ಲಬ್ಬಿನಲ್ಲೇ ಸರಿಪಡಿಸಬೇಕಾದವು. ಅವನ್ನು ಸ್ವಿಂಗ್‌ನಿಂದ ಸರಿಪಡಿಸಲು ಹೊರಟರೆ ನೆಟ್ಟಗಿದ್ದ ಸ್ವಿಂಗೂ ಹಾಳಾಗುತ್ತದೆ. ಹಾಗಾಗಿ ಮೊದಲು ಅಳತೆ, ಆಮೇಲೆ ಅಭ್ಯಾಸ.

ಇಡೀ ಸೆಟ್ಟನ್ನು ಒಟ್ಟಿಗೆ ಬದಲಾಯಿಸದೆ 7-ಐರನ್ ಒಂದನ್ನೇ ಮೊದಲು ಬದಲಾಯಿಸುವುದು ಒಳ್ಳೆಯದು. ಹಳೆಯ ಶಾಫ್ಟ್ ತೆಗೆಯುವ ಮೊದಲೇ ಆ ಕ್ಲಬ್ಬಿನ ಉದ್ದ, ಒಟ್ಟು ತೂಕ, ಸ್ವಿಂಗ್ ವೇಟ್, ಲೈ, ಲಾಫ್ಟ್ (ಚೆಂಡಿಗೆ ತಾಗುವ ಮುಖ ಹಿಂದಕ್ಕೆ ವಾಲಿದ ಕೋನ) ಬರೆದಿಟ್ಟುಕೊಳ್ಳಬೇಕು. ಹಳೆಯದಕ್ಕಿದ್ದ ಗ್ರಿಪ್ಪನ್ನೇ, ಅದರಡಿಯಲ್ಲಿ ಅಷ್ಟೇ ಸುತ್ತು ಟೇಪ್ ಹಾಕಿ ಹೊಸದಕ್ಕೂ ಕೂಡಿಸಬೇಕು. ಗ್ರಿಪ್ ದಪ್ಪವಾದರೆ ಕೈ ಹೊರಳುವ ಭಾವವೇ ಬೇರೆ, ಆಗ ದೋಷ ಶಾಫ್ಟಿನದೋ ಗ್ರಿಪ್ಪಿನದೋ ಎಂದು ಹೇಳಲಾಗುವುದಿಲ್ಲ. ಗ್ರಿಪ್‌ನ ತೂಕ ಸುಮಾರು 5 ಗ್ರಾಂ ಹೆಚ್ಚಿದರೂ ಸ್ವಿಂಗ್ ವೇಟ್ ಒಂದು ಅಂಕ ಇಳಿಯುತ್ತದೆ.

ಫ್ಲೆಕ್ಸ್ (ಶಾಫ್ಟ್ ಎಷ್ಟು ಬಾಗುತ್ತದೆ) ಸೂಚಿಸಲು ಶಾಫ್ಟಿನ ಮೇಲಿರುವ R (ರೆಗ್ಯುಲರ್), S (ಸ್ಟಿಫ್, ಗಟ್ಟಿ) ಅಕ್ಷರಗಳನ್ನು ನಂಬಿ ಕೂರಬೇಡಿ. ಈ ಅಕ್ಷರಗಳಿಗೆ ಎಲ್ಲ ತಯಾರಕರೂ ಒಪ್ಪಿದ ಅಳತೆಯೆಂಬುದಿಲ್ಲ. ಒಬ್ಬರ ಸ್ಟಿಫ್ ಇನ್ನೊಬ್ಬರ ರೆಗ್ಯುಲರ್‌ನಷ್ಟೇ ಬಾಗಬಹುದು. ನನ್ನ ಮಟ್ಟಿಗೆ ಸ್ವಿಂಗ್‌ನ ಮೇಲೆ ಫ್ಲೆಕ್ಸ್‌ಗಿಂತ ಹೆಚ್ಚು ಪರಿಣಾಮ ಬೀರುವುದು ತೂಕ. 130 ಗ್ರಾಂ ಸ್ಟೀಲ್ ಶಾಫ್ಟಿನಿಂದ 85 ಗ್ರಾಂ ಗ್ರ್ಯಾಫೈಟ್‌ಗೆ ಬಂದವರ ಲೆಕ್ಕ ನೋಡಿ. ಶಾಫ್ಟಿನ ತೂಕ ಹೆಚ್ಚುಕಡಿಮೆ 9 ಗ್ರಾಂ ಕಡಿಮೆಯಾದಾಗ ಸ್ವಿಂಗ್ ವೇಟ್ ಒಂದು ಅಂಕ ಇಳಿಯುತ್ತದೆ. 45 ಗ್ರಾಂ ಎಂದರೆ ಐದು ಅಂಕ, ಅಂದರೆ D2 ಇದ್ದದ್ದು C7ರ ಹತ್ತಿರ (ಈ ಅಳತೆಯಲ್ಲಿ C9 ಆದ ಮೇಲೆ D0). ಶಾಫ್ಟಿನ ಬ್ಯಾಲೆನ್ಸ್ ಪಾಯಿಂಟ್ (ತೂಕ ಸಮತೂಗುವ ಜಾಗ) ಎಲ್ಲಿದೆ ಎನ್ನುವುದರ ಮೇಲೆ ಇದು ಒಂದೆರಡು ಅಂಕ ಆಚೀಚೆ ಆಗುತ್ತದೆ. ಕ್ಲಬ್ಬಿನ ತಲೆ ಎಲ್ಲಿದೆ ಎಂಬುದೇ ಕೈಗೆ ತಿಳಿಯದಂತಾಗುವುದು ಇದರಿಂದಲೇ.

ಇಳಿದದ್ದನ್ನು ಮೇಲೆತ್ತಲು ಎರಡು ದಾರಿಗಳಿವೆ. ಹೆಡ್‌ಗೆ 2 ಗ್ರಾಂ ಸೇರಿಸಿದರೆ ಒಂದು ಅಂಕ ಏರುತ್ತದೆ, ಕ್ಲಬ್ಬನ್ನು ಅರ್ಧ ಇಂಚು ಉದ್ದ ಮಾಡಿದರೆ ಮೂರು. ನಾನು ಉದ್ದಕ್ಕೆ ಕೈ ಹಾಕುವುದಿಲ್ಲ. ಅರ್ಧ ಇಂಚು ಉದ್ದವಾದ ಕ್ಲಬ್ ಆಡುವಾಗ ಸುಮಾರು ಒಂದು ಡಿಗ್ರಿ ಅಪ್‌ರೈಟ್ ಆಗಿ (ಶಾಫ್ಟ್ ಹೆಚ್ಚು ನೆಟ್ಟಗೆ ನಿಂತಂತೆ) ವರ್ತಿಸುತ್ತದೆ, ಚೆಂಡು ಹೀಲ್ (ತಲೆಯಲ್ಲಿ ಶಾಫ್ಟಿನ ಕಡೆಯ ತುದಿ) ಕಡೆಗೆ ತಾಗತೊಡಗುತ್ತದೆ. ಒಂದು ತೊಂದರೆ ಕಳೆಯಲು ಹೋಗಿ ಎರಡನ್ನು ತಂದುಕೊಂಡ ಹಾಗೆ. ಉದ್ದ ಹಳೆಯದೇ ಇರಲಿ. ಹೆಡ್‌ನ ಹಿಂಬದಿಗೆ ಲೆಡ್ ಟೇಪ್ 2 ಗ್ರಾಂ, 4 ಗ್ರಾಂ ಎಂದು ತೂಗಿ ಅಂಟಿಸಿ ಹೊಡೆದು ನೋಡಿ. ಹೊಂದುವ ತೂಕ ಗೊತ್ತಾದ ಮೇಲೆ ಉಳಿದ ಐರನ್‌ಗಳನ್ನು ಕಟ್ಟಿಸುವಾಗ ಅಷ್ಟೇ ತೂಕವನ್ನು ಶಾಫ್ಟಿನ ತುದಿಯೊಳಗೆ ಟಿಪ್ ವೇಟ್ ಆಗಿ ಹಾಕಿಸಬಹುದು. ಐದಕ್ಕೆ ಐದೂ ಅಂಕ ಮರಳಿ ಬರಬೇಕೆಂದಿಲ್ಲ. ಹಗುರ ಶಾಫ್ಟಿನಲ್ಲಿ D0 ಸಾಕಾಗುವವರು ಬಹಳ ಮಂದಿ.

ಲೈ ಪರೀಕ್ಷೆಗೆ ಮಾರ್ಕರ್ ಪೆನ್ ಸಾಕು. ಚೆಂಡಿನ ಮೇಲೆ ದಪ್ಪ ಗೆರೆ ಎಳೆದು, ಗೆರೆ ನೆಟ್ಟಗೆ ನಿಂತು ಫೇಸ್‌ನ (ಚೆಂಡಿಗೆ ತಾಗುವ ಮುಖ) ಕಡೆಗೆ ಇರುವಂತೆ ಇಟ್ಟು ಹೊಡೆಯಿರಿ. ಫೇಸ್ ಮೇಲೆ ಮೂಡಿದ ಗೆರೆಯ ಮೇಲ್ತುದಿ ಟೋ (ಹೀಲ್‌ಗೆ ಎದುರಿನ ತುದಿ) ಕಡೆಗೆ ವಾಲಿದ್ದರೆ ಕ್ಲಬ್ ಹೆಚ್ಚು ಅಪ್‌ರೈಟ್, ಹೀಲ್ ಕಡೆಗೆ ವಾಲಿದ್ದರೆ ಫ್ಲ್ಯಾಟ್. ಬಲಗೈ ಆಟಗಾರನಿಗೆ ಅಪ್‌ರೈಟ್ ಕ್ಲಬ್ ಚೆಂಡನ್ನು ಎಡಕ್ಕೆ ಒಯ್ಯುತ್ತದೆ, ಲಾಫ್ಟ್ ಹೆಚ್ಚಿದ್ದಷ್ಟೂ ಹೆಚ್ಚು. ಗೆರೆ ವಾಲಿದ್ದರೆ ಕ್ಲಬ್ಬನ್ನು ಬಾಗಿಸಿ ಸರಿಪಡಿಸಬೇಕೇ ಹೊರತು ಸ್ವಿಂಗನ್ನಲ್ಲ.

ಇನ್ನೊಂದನ್ನು ನೋಡದೆ ಬಿಡಬಾರದು. ಫೆರೂಲ್ (ಶಾಫ್ಟ್ ತಲೆಗೆ ಸೇರುವಲ್ಲಿನ ಪ್ಲಾಸ್ಟಿಕ್ ಉಂಗುರ) ಮತ್ತು ಶಾಫ್ಟ್ ಕೂಡುವಲ್ಲಿ ಎರಡನ್ನೂ ದಾಟುವಂತೆ ಉದ್ದಕ್ಕೆ ಸಣ್ಣ ಗೆರೆ ಎಳೆದಿಡಿ, ಅದೇ ನೇರದಲ್ಲಿ ಹಾಸೆಲ್ (ಶಾಫ್ಟ್ ಕೂರುವ ತಲೆಯ ಕೊಳವೆ) ಮೇಲೂ ಒಂದು ಗುರುತು ಇರಲಿ. ಎಪಾಕ್ಸಿ ಅಂಟು ಸರಿಯಾಗಿ ಕಚ್ಚಿರದಿದ್ದರೆ, ಅಥವಾ 0.370 ಇಂಚಿನ ಹಾಸೆಲ್‌ಗೆ 0.355 ಟೇಪರ್ (ತುದಿ ಸಪೂರವಾಗುತ್ತ ಹೋಗುವ) ಶಾಫ್ಟನ್ನು ಶಿಮ್ (ಸಂದು ತುಂಬುವ ತೆಳು ಪಟ್ಟಿ) ಇಲ್ಲದೆ ಕೂರಿಸಿದ್ದರೆ, ಹೆಡ್ ಕೂದಲೆಳೆಯಷ್ಟು ತಿರುಗುತ್ತದೆ. ಗುರುತು ಸರಿದಿದ್ದರೆ, ಇಲ್ಲವೇ ಹೊಡೆದಾಗ ಟಕ್ ಎಂಬ ಸದ್ದು ಬಂದರೆ ಅಭ್ಯಾಸ ಅಲ್ಲಿಗೇ ನಿಲ್ಲಿಸಬೇಕು. ಹೆಡ್ ಕಳಚಿ ಹಾರಿದರೆ ಪಕ್ಕದಲ್ಲಿರುವವರಿಗೆ ಅಪಾಯ.

ಇಷ್ಟೆಲ್ಲ ಸರಿ ಇದೆಯೆಂದಾದ ಮೇಲೆ ಸ್ವಿಂಗ್‌ನ ಸರದಿ. ಹಗುರ ಶಾಫ್ಟಿನಲ್ಲಿ ಮೊದಲು ತಪ್ಪುವುದು ಬ್ಯಾಕ್‌ಸ್ವಿಂಗ್‌ನ ತುದಿಯಿಂದ ಕೆಳಗಿಳಿಯುವ ಆ ತಿರುವು. ಭಾರದ ಕ್ಲಬ್ ತಾನೇ ಕೈಯನ್ನು ತಡೆದು, ಸೊಂಟ ಮೊದಲು ತಿರುಗಲು ಸಮಯ ಕೊಡುತ್ತಿತ್ತು. ಹಗುರಾದಾಗ ಆ ತಡೆ ಇಲ್ಲ. ಕೈ ಮತ್ತು ಭುಜ ಮುಂದಾಗುತ್ತವೆ, ಕ್ಲಬ್ ಹೊರಗಿನಿಂದ ಬರುತ್ತದೆ, ಚೆಂಡು ನೇರ ಎಡಕ್ಕೆ. ಮಣಿಕಟ್ಟು ಬೇಗ ಬಿಚ್ಚಿಕೊಂಡರೆ ಸ್ವಿಂಗ್‌ನ ಕೆಳತುದಿ ಹಿಂದೆ ಸರಿದು, ಚೆಂಡಿಗಿಂತ ಮೊದಲೇ ನೆಲ ಅಗೆಯುತ್ತದೆ. ಭಾರದ ಶಾಫ್ಟಿಗೆ ಹೋದವರಲ್ಲಿ ಇದು ತಿರುಗುಮುರುಗು: ಫೇಸ್ ಮುಚ್ಚುವುದು ತಡವಾಗಿ ಚೆಂಡು ಬಲಕ್ಕೆ ತಳ್ಳಿಹೋಗುತ್ತದೆ, ದಣಿದ ಮೇಲಂತೂ ಇನ್ನಷ್ಟು.

ನಾನು ಅನುಸರಿಸುವ ಕ್ರಮ ಹೀಗಿದೆ. ಎರಡೂ ಪಾದ ಜೋಡಿಸಿ ನಿಂತು, ಸೊಂಟದಿಂದ ಸೊಂಟದವರೆಗೆ ಅರ್ಧ ಸ್ವಿಂಗ್. ಕೈ ಅವಸರ ಮಾಡಿದರೆ ಮೈ ತೂಗಾಡಿ ತಾನೇ ತಿಳಿಸುತ್ತದೆ. ಇದರಲ್ಲಿ ಚೆಂಡು ಫೇಸ್‌ನ ನಡುವೆ ತಾಗತೊಡಗಿದ ಮೇಲೆ ಪಾದ ಅಗಲಿಸಿ ಮುಕ್ಕಾಲು ಸ್ವಿಂಗ್. ಮೇಲೊಯ್ಯುವಾಗ ಮೂರೆಣಿಕೆ, ಇಳಿಸಿ ತಾಗಿಸುವಾಗ ಒಂದೆಣಿಕೆ, ಹಳೆಯ ಶಾಫ್ಟಿನೊಂದಿಗೆ ಇದ್ದ ವೇಗದಲ್ಲೇ. ಹುಲ್ಲಿನ ಮೇಲೆ ಗೆರೆಯೊಂದನ್ನು ಹಾಕಿ, ಅದರ ಮೇಲೆ ಚೆಂಡಿಡದೆ ಸ್ವಿಂಗ್ ಮಾಡಿದರೆ ಡಿವಟ್ (ಕ್ಲಬ್ ನೆಲ ಅಗೆದ ಗುರುತು) ಗೆರೆಯಿಂದ ಮುಂದಕ್ಕೆ ಶುರುವಾಗಬೇಕು. ಹಿಂದೆ ಶುರುವಾದರೆ ಪೂರ್ಣ ಸ್ವಿಂಗ್‌ಗೆ ಹೋಗುವ ಹೊತ್ತು ಇನ್ನೂ ಬಂದಿಲ್ಲ. ಫೇಸ್‌ಗೆ ಪೌಡರ್ ಸ್ಪ್ರೇ ಹಾಕಿಕೊಂಡೇ ಹೊಡೆಯಿರಿ, ಚೆಂಡು ಹೋದ ದಿಕ್ಕಿಗಿಂತ ತಾಗಿದ ಜಾಗ ನಿಜ ಹೇಳುತ್ತದೆ. ಗುರುತುಗಳು ಒಂದೇ ಕಡೆ ಗುಂಪಾಗಿ, ಆದರೆ ನಡುವಿನಿಂದ ಸರಿದು ಬಿದ್ದಿದ್ದರೆ ನಿಲ್ಲುವ ದೂರವನ್ನು ಅರ್ಧ ಇಂಚಿನಷ್ಟು ಬದಲಾಯಿಸಿದರೆ ಸಾಕು. ಚೆದುರಿ ಬಿದ್ದಿದ್ದರೆ ಟೆಂಪೋ (ಸ್ವಿಂಗ್‌ನ ಲಯ) ಇನ್ನೂ ಕೂಡಿಲ್ಲ.

ತುದಿ ಮೆದುವಾದ ಶಾಫ್ಟ್ ಚೆಂಡಿಗೆ ತಾಗುವ ಹೊತ್ತಿಗೆ ಮುಂದಕ್ಕೆ ಹೆಚ್ಚು ಬಾಗಿ ಲಾಫ್ಟ್ ಕೂಡಿಸುತ್ತದೆ, ಚೆಂಡು ಎತ್ತರ ಏರುತ್ತದೆ. ಅದನ್ನು ತಗ್ಗಿಸಲು ಚೆಂಡನ್ನು ಒಂದು ಚೆಂಡಿನಗಲ ಹಿಂದಕ್ಕೆ ಇಟ್ಟುಕೊಳ್ಳುವುದರ ತನಕ ನಾನು ಒಪ್ಪುತ್ತೇನೆ. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ, ಅಥವಾ ಫೇಸ್‌ನ ನಡುವೆಯೇ ತಾಗಿದ ಚೆಂಡುಗಳೂ ಒಂದೇ ಬದಿಗೆ ಹೋಗುತ್ತಿದ್ದರೆ, ಆ ಶಾಫ್ಟ್ ನಿಮ್ಮದಲ್ಲ. ತೀರಾ ಗಟ್ಟಿ ಶಾಫ್ಟನ್ನು ಬಾಗಿಸಲೆಂದು ಜೋರು ಹೆಚ್ಚಿಸುವ ಅಭ್ಯಾಸ ಬೇಗ ಅಂಟುತ್ತದೆ, ಬಿಡಿಸಿಕೊಳ್ಳುವುದು ಬಹಳ ಕಷ್ಟ.

ಡ್ರೈವರ್‌ಗೂ (ಅತಿ ದೂರ ಹೊಡೆಯುವ ಕ್ಲಬ್) ಇದೇ ಕ್ರಮ. ಅಡಾಪ್ಟರ್ (ಲಾಫ್ಟ್ ಹೊಂದಿಸುವ ಜೋಡಣೆ) ಇರುವ ಡ್ರೈವರ್‌ನಲ್ಲಿ ಶಾಫ್ಟ್ ಬದಲಾಯಿಸಿದ ದಿನ ಅಡಾಪ್ಟರ್ ಸೆಟ್ಟಿಂಗ್ ಹಳೆಯದರಲ್ಲೇ ಇರಲಿ. ಲಾಫ್ಟ್ ಏರಿಸಿದರೆ ಫೇಸ್ ತುಸು ಮುಚ್ಚಿಕೊಳ್ಳುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಎಡಕ್ಕೆ ಹೋದ ಚೆಂಡಿಗೆ ಕಾರಣ ಸಿಗುವುದಿಲ್ಲ. ಲೆಡ್ ಟೇಪ್ ಅಂಟಿಸುವ, ಕೀಳುವ ಪ್ರಯೋಗವೆಲ್ಲ ಅಭ್ಯಾಸದಲ್ಲೇ ಮುಗಿಯಲಿ, ರೌಂಡ್ ಶುರುವಾದ ಮೇಲೆ ಕ್ಲಬ್ಬಿನ ಗುಣ ಬದಲಾಯಿಸಲು ನಿಯಮ ಬಿಡುವುದಿಲ್ಲ.

ವೆಜ್‌ಗಳನ್ನು (ಹತ್ತಿರದ ಹೊಡೆತಕ್ಕಿರುವ, ಲಾಫ್ಟ್ ಹೆಚ್ಚಿರುವ ಕ್ಲಬ್) ಹಳೆಯ 130 ಗ್ರಾಂ ಸ್ಟೀಲ್‌ನಲ್ಲೇ ಬಿಟ್ಟು ಐರನ್‌ಗಳನ್ನು ಮಾತ್ರ 85ಕ್ಕೆ ಇಳಿಸಿದರೆ ಪಿಚ್ (ಹತ್ತಿರಕ್ಕೆ ಎತ್ತಿ ಹೊಡೆಯುವ) ಹೊಡೆತಗಳ ಲಯ ತಪ್ಪುತ್ತದೆ. ಐರನ್‌ಗಿಂತ ವೆಜ್ ಶಾಫ್ಟ್ 10ರಿಂದ 20 ಗ್ರಾಂ ಭಾರವಿದ್ದರೆ ಸಾಕು. ಕೊನೆಗೆ ಪ್ರತಿ ಕ್ಲಬ್ಬಿನ ಕ್ಯಾರಿ (ಚೆಂಡು ಗಾಳಿಯಲ್ಲೇ ಸಾಗುವ) ದೂರವನ್ನೂ ಹೊಸದಾಗಿ ಅಳೆಯಬೇಕು. ಹಳೆಯ ಪಟ್ಟಿಗೆ ಎಲ್ಲದರಲ್ಲೂ ಐದು ಗಜ ಕೂಡಿಸಿ ಬರೆದುಕೊಂಡರೆ ನಡೆಯುವುದಿಲ್ಲ, ಏಕೆಂದರೆ ಉದ್ದ ಐರನ್‌ಗಳಲ್ಲಿ ಬರುವ ಅಂತರ ಗಿಡ್ಡ ಐರನ್‌ಗಳಲ್ಲಿ ಅಷ್ಟೇ ಇರುವುದಿಲ್ಲ.