ನಮೀಬಿಯಾ ಸುತ್ತಿದ್ದು: ನಮ್ಮದೇ ಗಾಡಿ, ನಮ್ಮದೇ ಲೆಕ್ಕ

ನಮೀಬಿಯಾಗೆ ಹೋಗಬೇಕು ಅಂತಿರುವವರಿಗೆ ನಾನು ಮೊದಲು ಹೇಳುವುದು ಒಂದೇ: ನೋಡಬೇಕಾದ ಜಾಗಗಳ ಪಟ್ಟಿಯಲ್ಲಿ ಅರ್ಧ ಹೊಡೆದುಹಾಕಿ. ಆ ದೇಶ ಕರ್ನಾಟಕದ ನಾಲ್ಕು ಪಟ್ಟಿಗಿಂತ ದೊಡ್ಡದು, ಜನ ಸುಮಾರು 30 ಲಕ್ಷ ಅಷ್ಟೇ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದರಲ್ಲೇ ದಿನ ಮುಗಿಯುತ್ತದೆ. ನಾನು, ಅಕ್ಕ, ಭಾವ ಹೋಗಿದ್ದು ಆಗಸ್ಟ್‌ನಲ್ಲಿ, ಅಂದರೆ ಅಲ್ಲಿನ ಒಣಗಾಲದಲ್ಲಿ. ಪ್ಯಾಕೇಜ್ ಬೇಡ ಅಂತ ರಾಜಧಾನಿ ವಿಂಡ್‌ಹುಕ್‌ನಲ್ಲಿ ಗಾಡಿ ಬಾಡಿಗೆಗೆ ತಗೊಂಡು ನಾವೇ ಓಡಿಸಿದೆವು. ಮರಳುಗಾಡು, ಕರಾವಳಿ, ದಮಾರಾಲ್ಯಾಂಡ್ ಅನ್ನುವ ಪ್ರದೇಶ, ಎಟೋಶಾ ವನ್ಯಜೀವಿ ಪಾರ್ಕ್, ಇಷ್ಟೇ ಇಟ್ಟುಕೊಂಡೆವು. ದಕ್ಷಿಣದ ಫಿಶ್ ರಿವರ್ ಕಣಿವೆ, ಈಶಾನ್ಯದ ಜಾಂಬೆಜಿ ಪ್ರದೇಶ ಎರಡನ್ನೂ ಬಿಟ್ಟೆವು.

ಗಾಡಿ ಓಡಿಸುವುದು ನಮಗೆ ಸುಲಭ. ಅಲ್ಲೂ ರಸ್ತೆಯ ಎಡಬದಿ, ಸ್ಟೇರಿಂಗ್ ಬಲಕ್ಕೆ. ಹೊರಡುವ ಮೊದಲು ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡಿದ್ದೆವು. ಕಷ್ಟ ಇರುವುದು ಜಲ್ಲಿ ರಸ್ತೆಯಲ್ಲಿ. ಬಿ ಅಂತ ಶುರುವಾಗುವ ನಂಬರಿನ ಹೆದ್ದಾರಿಗಳು ಹೆಚ್ಚಿನವು ಡಾಂಬರು, ಸಿ ಮತ್ತು ಡಿ ರಸ್ತೆಗಳು ಬಹುತೇಕ ಜಲ್ಲಿ, ಮಣ್ಣು. ಅಲ್ಲಿ ಬ್ರೇಕ್ ಜೋರಾಗಿ ಒತ್ತಿದರೆ ಗಾಡಿ ಜಾರುತ್ತದೆ. ಹಾಗಾಗಿ ಮ್ಯಾಪ್ ಹೇಳುವ ಸಮಯ ಬಿಟ್ಟು ಗಂಟೆಗೆ 60 ಕಿ.ಮೀ. ಲೆಕ್ಕದಲ್ಲಿ ನಾನೇ ದಿನದ ದಾರಿ ಬರೆದುಕೊಂಡೆ. ಎರಡು ಸ್ಟೆಪ್ನಿ ಇರುವ ಎತ್ತರದ ಗಾಡಿ ಕೇಳಿ ತಗೊಂಡೆವು. ಜಾಕ್ ಎಲ್ಲಿದೆ, ಟೈರ್ ಹೇಗೆ ಬದಲಿಸುವುದು, ಜಲ್ಲಿ ರಸ್ತೆಗೆ ಗಾಳಿ ಎಷ್ಟು ಇಳಿಸಬೇಕು ಅನ್ನುವುದನ್ನು ಬಾಡಿಗೆಯವರ ಶೆಡ್ಡಿನಲ್ಲೇ ಮಾಡಿಸಿ ನೋಡಿಕೊಂಡೆವು. ಇನ್ಶೂರೆನ್ಸ್‌ನಲ್ಲಿ ಟೈರ್ ಮತ್ತು ಗಾಜು ಸೇರಿದೆಯಾ ಅಂತ ಓದಿಯೇ ಸಹಿ ಹಾಕಿ, ಜಲ್ಲಿ ಸಿಡಿದು ಗಾಜು ಒಡೆಯುವುದು ಅಲ್ಲಿ ಮಾಮೂಲು. ರಾತ್ರಿ ಓಡಿಸಲೇಬೇಡಿ. ಕುಡು, ಓರಿಕ್ಸ್‌ನಂಥ ದೊಡ್ಡ ಪ್ರಾಣಿಗಳು ಕತ್ತಲಲ್ಲಿ ದಿಢೀರ್ ಅಂತ ರಸ್ತೆಗೆ ಬರುತ್ತವೆ. ಪೆಟ್ರೋಲ್ ಬಂಕ್ ಕಂಡಾಗೆಲ್ಲ, ಅರ್ಧ ಟ್ಯಾಂಕ್ ಇದ್ದರೂ, ತುಂಬಿಸಿಬಿಡಿ.

ಊಟಕ್ಕೆ ವಿಂಡ್‌ಹುಕ್‌ನಲ್ಲೇ ಅಕ್ಕಿ, ತರಕಾರಿ ಕೊಂಡೆವು. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಮನೆಯಿಂದ ಹೋಗಿತ್ತು. ನಮ್ಮ ಗೀಸರ್‌ಗೆ ಹಾಕುವ ದಪ್ಪ ಮೂರು ಪಿನ್ನಿನ ಪ್ಲಗ್ ಅಲ್ಲೂ ಹಿಡಿಸುತ್ತದೆ, ಹಾಗಾಗಿ ನಮ್ಮ ಎಲೆಕ್ಟ್ರಿಕ್ ಕುಕ್ಕರ್ ಎಲ್ಲಾ ಕಡೆ ನಡೆಯಿತು.

ಸೊಸುಸ್‌ವ್ಲೇ ಮರಳುದಿಬ್ಬಗಳಿಗೆ ಪಾರ್ಕ್‌ನ ಸೆಸ್ರೀಮ್ ಗೇಟಿನಿಂದ ಸುಮಾರು 60 ಕಿ.ಮೀ. ಡಾಂಬರು ರಸ್ತೆ, ಆಮೇಲೆ ಕೊನೆಯ ಐದು ಕಿ.ಮೀ. ಬರೀ ಮರಳು. ಫೋರ್ ಬೈ ಫೋರ್ ಇದ್ದರೂ ಆ ಮರಳಲ್ಲಿ ಓಡಿಸಿ ಅಭ್ಯಾಸ ಇಲ್ಲದಿದ್ದರೆ ಅಲ್ಲಿನ ಶಟಲ್ ಹತ್ತುವುದೇ ಒಳ್ಳೆಯದು, ನಾವು ಅದನ್ನೇ ಮಾಡಿದೆವು. ಪಾರ್ಕ್ ಒಳಗೇ ಉಳಿದುಕೊಂಡವರಿಗೆ ಸೂರ್ಯ ಹುಟ್ಟುವ ಮೊದಲೇ ಗೇಟ್ ತೆಗೆಯುತ್ತಾರೆ, ಆ ಒಂದು ಗಂಟೆಗೋಸ್ಕರ ಒಳಗಿನ ಕ್ಯಾಂಪ್‌ಗೆ ಜಾಸ್ತಿ ದುಡ್ಡು ಕೊಡಬಹುದು. ಅಲ್ಲೇ ಪಕ್ಕದ ಡೆಡ್‌ವ್ಲೇಯಲ್ಲಿ ಬಿಳಿ ಜೇಡಿನೆಲದ ಮೇಲೆ ನೂರಾರು ವರ್ಷಗಳ ಹಿಂದೆ ಸತ್ತ ಮರಗಳು ಹಾಗೇ ನಿಂತಿವೆ. ಕೊಳೆಯುವಷ್ಟೂ ತೇವ ಅಲ್ಲಿಲ್ಲ.

ಕರಾವಳಿಗೆ ಸ್ವೆಟರ್ ಬೇಕೇ ಬೇಕು. ಬೆಂಗ್ವೆಲಾ ಅನ್ನುವ ತಣ್ಣನೆಯ ಸಮುದ್ರ ಪ್ರವಾಹದಿಂದಾಗಿ ಸ್ವಾಕೊಪ್‌ಮುಂಡ್ ಊರಿನಲ್ಲಿ ಬೆಳಿಗ್ಗೆ ಮಂಜೋ ಮಂಜು. ವಾಲ್ವಿಸ್ ಬೇ ಹಿನ್ನೀರಿನಲ್ಲಿ ಫ್ಲೆಮಿಂಗೊಗಳನ್ನು ರಸ್ತೆಬದಿಯಿಂದಲೇ ನೋಡಬಹುದು.

ದಮಾರಾಲ್ಯಾಂಡ್ ಬಗ್ಗೆ ಜಾಸ್ತಿ ಜನ ಮಾತಾಡುವುದಿಲ್ಲ, ನನಗೆ ಅದೇ ಬೇಜಾರು. ಇಲ್ಲಿ ಆನೆ, ಕಪ್ಪು ಘೇಂಡಾ ಎಲ್ಲವೂ ಬೇಲಿ ಇಲ್ಲದೆ, ಪಾರ್ಕ್‌ನ ಹೊರಗೆ, ಹಳ್ಳಿಗರ ನೆಲದಲ್ಲೇ ಬದುಕುತ್ತವೆ. 1996ರ ಕಾನೂನಿನಿಂದ ಹಳ್ಳಿಗರೇ ತಮ್ಮ ನೆಲವನ್ನು ಕನ್ಸರ್ವೆನ್ಸಿ, ಅಂದರೆ ತಾವೇ ನೋಡಿಕೊಳ್ಳುವ ವನ್ಯಜೀವಿ ಪ್ರದೇಶ ಮಾಡಿಕೊಂಡು, ಪ್ರವಾಸಿಗರಿಂದ ಬರುವ ಆದಾಯದಲ್ಲಿ ಪಾಲು ಪಡೆಯಬಹುದು. ನಾವು ಸ್ಥಳೀಯ ಗೈಡ್ ಜೊತೆ ಒಣಗಿದ ನದಿಪಾತ್ರದಲ್ಲಿ ಹೋಗಿ ಆನೆ ಹಿಂಡು ನೋಡಿದೆವು. ಆನೆಗಳು ನೀರಿಗಾಗಿ ಹಳ್ಳಿಯ ಟ್ಯಾಂಕ್ ಒಡೆಯದಿರಲಿ ಅಂತ ಅದರ ಸುತ್ತ ಕಲ್ಲಿನ ಗೋಡೆ ಕಟ್ಟುತ್ತಾರೆ. ಭಾವನ ಊರು ಸಕಲೇಶಪುರದ ಕಡೆ, ಆನೆ ಕಾಟ ನೋಡಿಯೇ ಬೆಳೆದವರು. ಗೈಡ್ ಹತ್ತಿರ ಅವರು ಕೇಳಿದಷ್ಟು ಪ್ರಶ್ನೆ ನಾನು ಎಲ್ಲೂ ಕೇಳಿರಲಿಲ್ಲ. ಈ ಕಡೆ ಹೋದರೆ ಟ್ವಾಯ್‌ಫಲ್‌ಫಾಂಟೇನ್ ಬಂಡೆಕೆತ್ತನೆಗಳನ್ನೂ ನೋಡಿ, 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ.

ಇನ್ನು ಎಟೋಶಾ. ನಮ್ಮ ನಾಗರಹೊಳೆ, ಬಂಡೀಪುರದಲ್ಲಿ ಸಫಾರಿ ಅಂದರೆ ನಿಗದಿ ಮಾಡಿದ ಜೀಪ್ ಇಲ್ಲವೇ ಬಸ್, ಕೈಗೆ ಸಿಗುವುದು ಕೆಲವೇ ಗಂಟೆ. ಎಟೋಶಾದಲ್ಲಿ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ನಮ್ಮ ಗಾಡಿಯಲ್ಲೇ ಓಡಾಡಬಹುದು, ಕ್ಯಾಂಪ್‌ನಂಥ ಬೇಲಿಯೊಳಗಿನ ಜಾಗ ಬಿಟ್ಟು ಬೇರೆಲ್ಲೂ ಇಳಿಯುವಂತಿಲ್ಲ ಅಷ್ಟೇ. ಮಧ್ಯದ ಉಪ್ಪಿನ ಬಯಲೇ ಸುಮಾರು 4,800 ಚದರ ಕಿ.ಮೀ., ಕೊಡಗು ಜಿಲ್ಲೆಗಿಂತ ದೊಡ್ಡದು. ಒಣಗಾಲದಲ್ಲಿ ಪ್ರಾಣಿಗಳಿಗೆ ನೀರು ಸಿಗುವುದು ಬಯಲಿನ ಅಂಚಿನ ಹೊಂಡಗಳಲ್ಲಿ. ಹಾಗಾಗಿ ಪ್ರಾಣಿ ಹುಡುಕಿಕೊಂಡು ಸುಮ್ನೆ ತಿರುಗಬೇಡಿ. ಒಂದು ಹೊಂಡದ ಹತ್ತಿರ ಎಂಜಿನ್ ಆಫ್ ಮಾಡಿ, ಬಿಸಿಲು ಬೆನ್ನಿಗೆ ಬರುವಂತೆ ನಿಲ್ಲಿಸಿ, ಎರಡು ಗಂಟೆ ಕೂತುಬಿಡಿ. ಒಕಾಕುಯೋ ಕ್ಯಾಂಪ್ ಹತ್ತಿರದ ಹೊಂಡವೊಂದರಲ್ಲಿ ಮೊದಲು ಸ್ಪ್ರಿಂಗ್‌ಬಾಕ್ ಬಂದವು, ಆಮೇಲೆ ಜೀಬ್ರಾ, ಓರಿಕ್ಸ್, ದೂರದಲ್ಲೇ ಅನುಮಾನಿಸುತ್ತಾ ನಿಂತ ಜಿರಾಫೆ. ಅಷ್ಟರಲ್ಲಿ ಪೊದೆಗಳ ಕಡೆಯಿಂದ ಆನೆಗಳು ಬಂದವು, ಮೈಯೆಲ್ಲ ಬಿಳಿ ಧೂಳು, ಎಲ್ಲಾ ಪ್ರಾಣಿಗಳೂ ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಯಾರು ಯಾರಿಗೆ ಹೆದರುತ್ತಾರೆ, ಯಾರ ಸರದಿ ಯಾವಾಗ, ಇದೆಲ್ಲ ಕೂತು ನೋಡಿದವರಿಗೇ ಗೊತ್ತಾಗುವುದು. ಕ್ಯಾಂಪ್ ರಿಸೆಪ್ಷನ್‌ನಲ್ಲಿ ಜನ ಯಾವ ಪ್ರಾಣಿ ಎಲ್ಲಿ ಕಂಡಿತು ಅಂತ ಬರೆದಿಡುವ ಪುಸ್ತಕ ಇರುತ್ತದೆ, ಬೆಳಿಗ್ಗೆ ಹೊರಡುವ ಮೊದಲು ಅದನ್ನು ಓದಿ. ರಾತ್ರಿಯ ರೂಮನ್ನು ಒಕಾಕುಯೋದಲ್ಲೇ ಹಿಡಿಯಿರಿ. ಕ್ಯಾಂಪ್‌ಗೆ ತಾಗಿಕೊಂಡೇ ಇರುವ ಹೊಂಡಕ್ಕೆ ರಾತ್ರಿಯಿಡೀ ದೀಪ ಇರುತ್ತದೆ, ನಾವು ಕಪ್ಪು ಘೇಂಡಾಗಳನ್ನು ನೋಡಿದ್ದು ಅಲ್ಲಿಯೇ, ಕಂಬಳಿ ಹೊದ್ದು ಬೆಂಚಿನ ಮೇಲೆ ಕೂತು.

ಚೀತಾ ನೋಡುವ ಆಸೆ ಇದ್ದರೆ ಒಂದು ಮಾತು. ನಮೀಬಿಯಾದ ಚೀತಾಗಳಲ್ಲಿ ಹೆಚ್ಚಿನವು ಇರುವುದು ಪಾರ್ಕ್‌ಗಳಲ್ಲಿ ಅಲ್ಲ, ರೈತರ ಜಮೀನುಗಳಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋ ಪಾರ್ಕ್‌ಗೆ ಎಂಟು ಚೀತಾ ಬಂದವಲ್ಲ, ಆ ಕೆಲಸದಲ್ಲಿ ಜೊತೆಯಾದ ಚೀತಾ ಕನ್ಸರ್ವೇಶನ್ ಫಂಡ್ ಇರುವುದು ಒಚಿವಾರೊಂಗೊ ಊರಿನ ಹತ್ತಿರ, ಎಟೋಶಾದಿಂದ ವಿಂಡ್‌ಹುಕ್‌ಗೆ ಮರಳುವ ದಾರಿಯಲ್ಲಿ ಸ್ವಲ್ಪ ಒಳಗೆ. ಕುರಿ, ಮೇಕೆ ಕಾಯಲು ಅವರು ದೊಡ್ಡ ನಾಯಿಗಳನ್ನು ಸಾಕಿ ರೈತರಿಗೆ ಕೊಡುತ್ತಾರೆ. ನಾಯಿ ಇದ್ದರೆ ಚೀತಾ ಮಂದೆಯ ಹತ್ತಿರ ಬರುವುದಿಲ್ಲ, ರೈತನೂ ಬಂದೂಕು ತೆಗೆಯುವುದಿಲ್ಲ. ವಾಪಸ್ ಬರುವಾಗ ಇಲ್ಲಿಗೆ ಅರ್ಧ ದಿನ ಇಟ್ಟುಕೊಳ್ಳಿ, ಆದರೆ ವಿಂಡ್‌ಹುಕ್ ಇನ್ನೂ ದೂರ ಇರುತ್ತದೆ, ಮಧ್ಯಾಹ್ನದೊಳಗೆ ಹೊರಟುಬಿಡಿ.