ಇಂಗ್ಲಿಷಿನ ಆರ್ ಕಲಿಸುವ ಮೊದಲು ನಾಲಿಗೆ ನೋಡುವುದು

‘ನಾಲಿಗೆಯ ತುದಿ ಮೇಲಕ್ಕೆ ಮಡಚು’ ಎಂದು ಹೇಳಿಯೇ ಅಮೆರಿಕನ್ ಇಂಗ್ಲಿಷಿನ ಆರ್ ಕಲಿಸುವ ರೂಢಿಯಿದೆ. ನಾನು ಅದನ್ನು ಬಿಟ್ಟೆ. ತುದಿ ಮಡಚದೆಯೂ ಚೊಕ್ಕ ಆರ್ ಹುಟ್ಟುತ್ತದೆ. 1968ರಲ್ಲೇ ಡೆಲಾಟ್ರ್ ಮತ್ತು ಫ್ರೀಮನ್ ಎಂಬ ಸಂಶೋಧಕರು ಎಕ್ಸ್‌ರೇ ಚಿತ್ರಗಳಲ್ಲಿ ನಾಲಿಗೆಯ ಎಂಟು ಬಗೆಯ ಆಕಾರ ಗುರುತಿಸಿದ್ದರು. ಈ ಸಾಲಿನ ಒಂದು ಕೊನೆಯಲ್ಲಿರುವುದು ನಮ್ಮ ‘ಳ’ಕಾರದಂತೆ ಮೇಲೆದ್ದರೂ ಅಂಗುಳಿಗೆ ತಾಗದ ನಾಲಿಗೆ, ಇನ್ನೊಂದು ಕೊನೆಯಲ್ಲಿ, ನಾಲಿಗೆಯ ತುದಿ ಕೆಳಗಿಳಿದು ನಡುಭಾಗ ಗುಡ್ಡೆಯಾಗಿ ಏಳುವುದು. ಕಿವಿಗೆ ಎರಡೂ ಒಂದೇ.

ಯಾರ ನಾಲಿಗೆ ಯಾವ ಬಗೆಯದೆಂದು ನೋಡಲು ಅಲ್ಟ್ರಾಸೌಂಡ್ ಪ್ರೋಬ್‌ಗೆ (ಮೈಗೆ ಒತ್ತಿ ಹಿಡಿಯುವ ಸಾಧನ) ಜೆಲ್ ಹಚ್ಚಿ ಗದ್ದದ ಕೆಳಗೆ, ಸರಿಯಾಗಿ ನಡುಗೆರೆಯಲ್ಲಿ ಹಿಡಿಯುತ್ತೇನೆ. ಮೊದಲು ‘ತ ತ ತ’ ಅನ್ನಿಸಿದರೆ ತುದಿ ಪರದೆಯ ಯಾವ ಬದಿಗಿದೆ ಎಂದು ತಿಳಿಯುತ್ತದೆ. ಒಂದು ಗುಟುಕು ನೀರು ನುಂಗಿಸಿದರೆ ಅಂಗುಳಿನ ಗೆರೆ ಕಾಣುತ್ತದೆ. ಆಮೇಲೆ ‘ರೀಡ್, ರೋಡ್, ಕ್ರೀಮ್, ಟ್ರೀ, ಕಾರ್’, ಒಂದೊಂದನ್ನೂ ಐದು ಸಲ. ಒಂದೇ ಪದ ನೋಡಿ ತೀರ್ಮಾನಿಸಬಾರದು: ‘ರೋಡ್’ಗೆ ತುದಿ ಎತ್ತುವವರೇ ‘ಕ್ರೀಮ್’ಗೆ ನಾಲಿಗೆ ಗುಡ್ಡೆ ಮಾಡುವುದುಂಟು, ಏಕೆಂದರೆ ‘ಕ್’ಗಾಗಿ ನಾಲಿಗೆಯ ಹಿಂಭಾಗ ಆಗಲೇ ಎದ್ದಿರುತ್ತದೆ.

ಎಡವುವುದು ಇಲ್ಲಿ. ತುದಿ ಎದ್ದಾಗ ಅದರಡಿ ಗಾಳಿ ಸೇರುತ್ತದೆ. ಅಲ್ಟ್ರಾಸೌಂಡಿನ ಅಲೆ ಆ ಗಾಳಿ ದಾಟುವುದಿಲ್ಲ, ಪರದೆಯಲ್ಲಿ ತುದಿಯೇ ಮಾಯ. ಉಳಿದ ಭಾಗ ಗುಡ್ಡೆಯಂತೆ ಕಂಡು ಮೋಸಹೋಗುತ್ತೇವೆ. ಅನುಮಾನ ಬಂದರೆ ಆರ್ ಎಳೆದು ಹಿಡಿಯಲು ಹೇಳಿ, ಹತ್ತಿ ಸುತ್ತಿದ ಕಡ್ಡಿಯನ್ನು ಮುಂಹಲ್ಲುಗಳ ನಡುವೆ ಮೆಲ್ಲಗೆ ಒಳಗಿಡುತ್ತೇನೆ. ನಾಲಿಗೆಯ ಅಡಿಭಾಗಕ್ಕೆ ತಾಗಿದರೆ ತುದಿ ಎದ್ದಿದೆ, ಮೇಲ್ಭಾಗಕ್ಕೆ ತಾಗಿದರೆ ಇಳಿದಿದೆ.

ಧ್ವನಿ ಸರಿಯೇ ಎಂದು ನೋಡಲು ಪ್ರಾತ್ ಎಂಬ ಧ್ವನಿ ವಿಶ್ಲೇಷಣೆಯ ತಂತ್ರಾಂಶದಲ್ಲಿ ಮೂರನೆಯ ಫಾರ್ಮಂಟ್ (ಬಾಯಿ-ಗಂಟಲಿನ ಆಕಾರದಿಂದ ಬಲಗೊಳ್ಳುವ ಕಂಪನಾಂಕಗಳಲ್ಲಿ ಕೆಳಗಿನಿಂದ ಮೂರನೆಯದು) ಅಳೆಯುತ್ತೇನೆ. ವಯಸ್ಕರಲ್ಲಿ ಅದು 2000 ಹರ್ಟ್ಸ್‌ಗಿಂತ ಕೆಳಗಿಳಿಯಬೇಕು. ತಂತ್ರಾಂಶ ಫಾರ್ಮಂಟ್ ಹುಡುಕುವ ಮೇಲಿನ ಮಿತಿಯನ್ನು ಗಂಡಸರಿಗೆ 5000, ಹೆಂಗಸರಿಗೆ 5500 ಹರ್ಟ್ಸ್ ಇಡುತ್ತೇನೆ. ಆರ್‌ನಲ್ಲಿ ಎರಡನೆಯದೂ ಮೂರನೆಯದೂ ಅಂಟಿಕೊಳ್ಳುವುದರಿಂದ ಪ್ರಾತ್ ಅವೆರಡನ್ನೂ ಒಂದೆಂದು ಎಣಿಸಿ, ನಾಲ್ಕನೆಯದನ್ನೇ ಮೂರನೆಯದೆಂದು ತೋರಿಸಬಹುದು. ಧ್ವನಿಯ ಕಂಪನಾಂಕಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮನ್ನು ಕಣ್ಣಾರೆ ನೋಡದೆ ಅಂಕಿ ಬರೆದುಕೊಳ್ಳಬೇಡಿ.

ಆರ್ ಬಾರದ ಮಗುವಿಗೆ ಎರಡೂ ಆಕಾರ ಪ್ರಯತ್ನಿಸಿ, ಹತ್ತಿರ ಬಂದದ್ದನ್ನು ಹಿಡಿಯುತ್ತೇನೆ. ಕನ್ನಡ ಮನೆಮಾತಿನವರಿಗೆ ‘ಳ’ದಿಂದ ತಾಗುವಿಕೆ ಬಿಡಿಸುವ ದಾರಿ ಬೇಗ ಒಗ್ಗುತ್ತದೆ. ಆದರೂ ಧ್ವನಿ ಪೇಲವವಾಗಿದ್ದರೆ ತುದಿಯನ್ನು ದೂರುವುದು ಬೇಡ. ನಾಲಿಗೆಯ ಬೇರು ಗಂಟಲಿನತ್ತ ಸರಿದಿದೆಯೇ, ಅಂಚುಗಳು ಮೇಲಿನ ದವಡೆಹಲ್ಲುಗಳಿಗೆ ಒತ್ತಿವೆಯೇ ನೋಡಿ. ಅಂಚು ನೋಡಲು ಪ್ರೋಬನ್ನು 90 ಡಿಗ್ರಿ ತಿರುಗಿಸಿದರಾಯಿತು.